ದೊಡ್ಡ ಸರೋವರದ ಮೀನುಗಳು ಬದಲಾಗಿವೆಯೇ? ಪ್ರಭೇದ ವೈವಿಧ್ಯವನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಒಂದು ಸರೋವರದಲ್ಲಿ ಹತ್ತು ವರ್ಷದ ಹಿಂದೆ 32 ಬಗೆಯ ಮೀನು ಸಿಕ್ಕಿದ್ದವು, ಈ ವರ್ಷ 25 ಸಿಕ್ಕವು ಎಂದುಕೊಳ್ಳಿ. ಏಳು ಪ್ರಭೇದ ಕಳೆದುಹೋದವು ಎಂದು ಬರೆದುಬಿಡಬಹುದೇ? ಖಂಡಿತ ಬೇಡ. ಆಗ ಅರವತ್ತು ಬಲೆ ಹಾಕಿದ್ದು, ಈಗ ಇಪ್ಪತ್ತೇ ಹಾಕಿರಬಹುದು. ಆಗ ನೀರು ಬೆಚ್ಚಗಿದ್ದು, ಈಗ ತಣ್ಣಗಿರಬಹುದು. ಆಗಿನವರು ಸಣ್ಣ ಮೀನುಗಳನ್ನೆಲ್ಲ ಬಿಡಿಸಿ ನೋಡಿದ್ದು, ಈಗಿನವರು "ಇತರೆ" ಎಂಬ ಕಾಲಮ್ಮಿಗೆ ತುಂಬಿರಬಹುದು. ಹಾಗಾಗಿ ಮೊದಲ ದಿನದಿಂದ ಕೊನೆಯ ಪುಟದವರೆಗೂ ಒಂದು ಪ್ರಶ್ನೆ ನಿಮ್ಮ ಜೊತೆಗಿರಲಿ: ಬದಲಾಗಿದ್ದು ಸರೋವರವೋ, ನಾವು ನೋಡಿದ ರೀತಿಯೋ?

ಈ ಬರಹ ವಿದ್ಯಾರ್ಥಿಗಳಿಗೆ, ಮೀನುಗಾರಿಕೆ ಇಲಾಖೆಗಳಲ್ಲಿ ಕೆಲಸ ಮಾಡುವವರಿಗೆ, ತಮ್ಮ ನೀರಿನ ಬಗ್ಗೆ ಕಾಳಜಿ ಇರುವ ಸ್ವಯಂಸೇವಕರಿಗೆ. ಗಣಿತ ಸ್ವಲ್ಪ ಬರುತ್ತದೆ, ಹೆದರಬೇಕಿಲ್ಲ.

ಹೆಜ್ಜೆ 1: ಏನನ್ನು ಅಳೆಯುತ್ತೀರಿ ಎಂದು ಬರೆದಿಡಿ

"ವೈವಿಧ್ಯ" ಅನ್ನುವುದರಲ್ಲಿ ಕನಿಷ್ಠ ಮೂರು ಸಂಗತಿಗಳಿವೆ. ಎಷ್ಟು ಪ್ರಭೇದಗಳಿವೆ ಎಂಬುದು ಒಂದು. ಅವು ಎಷ್ಟೆಷ್ಟು ಪ್ರಮಾಣದಲ್ಲಿವೆ, ಒಂದೇ ಮೀನು ಎಲ್ಲವನ್ನೂ ಆವರಿಸಿದೆಯೇ ಎಂಬುದು ಎರಡು. ಯಾವ ಯಾವ ಪ್ರಭೇದಗಳಿವೆ ಎಂಬುದು ಮೂರು. ಇವು ಮೂರೂ ಒಂದೇ ದಿಕ್ಕಿಗೆ ಹೋಗಬೇಕೆಂದಿಲ್ಲ.

ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ನಡೆದದ್ದು ನೋಡಿ. ಸುಮಾರು 68,800 ಚದರ ಕಿಲೋಮೀಟರ್ ಹರಡಿರುವ ಈ ನೀರಿನಲ್ಲಿ ಹ್ಯಾಪ್ಲೊಕ್ರೋಮಿನ್ ಎಂಬ ಗುಂಪಿನ ಪುಟ್ಟ ಸಿಕ್ಲಿಡ್ ಮೀನುಗಳೇ 500ರಷ್ಟು ಪ್ರಭೇದಗಳಿದ್ದವು ಎಂಬ ಅಂದಾಜಿದೆ. 1950 ಮತ್ತು 60ರ ದಶಕದಲ್ಲಿ ಅಲ್ಲಿಗೆ ನೈಲ್ ಪರ್ಚ್ ಎಂಬ ದೊಡ್ಡ ಬೇಟೆಗಾರ ಮೀನನ್ನು ತಂದುಬಿಟ್ಟರು. ಅದು ಎರಡು ದಶಕ ಹೆಚ್ಚೇನೂ ಸದ್ದು ಮಾಡಲಿಲ್ಲ. 1980ರ ದಶಕದಲ್ಲಿ ಅದರ ಸಂಖ್ಯೆ ಒಮ್ಮೆಲೇ ಏರಿತು, ಸಿಕ್ಲಿಡ್‌ಗಳು ಕುಸಿದವು, ನೂರಾರು ಪ್ರಭೇದಗಳು ಕಣ್ಮರೆಯಾದವು. ಆದರೆ ಅದೇ ಹೊತ್ತಿಗೆ ಸರೋವರದ ಒಟ್ಟು ಮೀನು ಇಳುವರಿ ಹಲವು ಪಟ್ಟು ಜಾಸ್ತಿಯಾಯಿತು! ದಡಕ್ಕೆ ಬಂದ ಟನ್ನುಗಳ ಲೆಕ್ಕವಷ್ಟನ್ನೇ ನೋಡಿದ್ದರೆ ಸರೋವರ ಚೆನ್ನಾಗಿದೆ ಅನ್ನಿಸುತ್ತಿತ್ತು. ಡಚ್ ಸಂಶೋಧಕರ ತಂಡವೊಂದು ಅದೇ ಸರೋವರದ ಮ್ವಾನ್ಜಾ ಕೊಲ್ಲಿಯಲ್ಲಿ ಕುಸಿತಕ್ಕೆ ಮೊದಲಿನಿಂದಲೇ ಪ್ರಭೇದವಾರು ಲೆಕ್ಕ ಇಟ್ಟಿತ್ತು. ಹಾಗಾಗಿ ಏನು ಹೋಯಿತು ಎಂಬುದು ನಮಗೆ ಗೊತ್ತಾಗಿದೆ.

ಆದ್ದರಿಂದ ನಿಮ್ಮ ಪ್ರಶ್ನೆ ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿರಲಿ. "ಹತ್ತು ವರ್ಷಗಳಲ್ಲಿ ದಡದ ನೀರಿನ ಸ್ಥಳೀಯ ಪ್ರಭೇದಗಳಲ್ಲಿ ಎಷ್ಟು ಬದಲಾವಣೆಯಾಗಿದೆ?" ಎಂಬಂತೆ. ಎಷ್ಟು ಸಣ್ಣ ಬದಲಾವಣೆ ಕಂಡರೂ ನಿಮಗೆ ಮುಖ್ಯ ಎಂಬುದನ್ನೂ ಈಗಲೇ ತೀರ್ಮಾನಿಸಿ. ಎಷ್ಟು ಬಲೆ ಬೇಕು, ಎಷ್ಟು ಹಣ ಬೇಕು ಎಂಬುದೆಲ್ಲ ಅದರ ಮೇಲೆ ನಿಲ್ಲುತ್ತದೆ.

ಹೆಜ್ಜೆ 2: ಹಿಂದೆ ಏನಿತ್ತು ಎಂದು ಹುಡುಕಿ

ಬದಲಾವಣೆ ಎಂದರೆ ಎರಡು ಕಾಲಗಳ ನಡುವಿನ ವ್ಯತ್ಯಾಸ. ಹಿಂದಿನ ಕಾಲದ ಚಿತ್ರ ಬೇಕೇ ಬೇಕು. ಮ್ಯೂಸಿಯಂಗಳಲ್ಲಿ ಇಟ್ಟಿರುವ ಹಳೆಯ ಮಾದರಿಗಳು, ಮೀನು ಮಾರಾಟದ ದಾಖಲೆಗಳು, ಹಳೆಯ ಪ್ರಬಂಧಗಳು, ವಯಸ್ಸಾದ ಮೀನುಗಾರರ ನೆನಪು ಎಲ್ಲವೂ ಉಪಯೋಗಕ್ಕೆ ಬರುತ್ತವೆ.

1995ರಲ್ಲಿ ಡೇನಿಯಲ್ ಪೌಲಿ ಎಂಬ ಮೀನುಗಾರಿಕಾ ವಿಜ್ಞಾನಿ ಒಂದು ಮುಖ್ಯ ಮಾತು ಹೇಳಿದರು. ಪ್ರತಿ ಪೀಳಿಗೆಯ ಸಂಶೋಧಕರೂ ತಾವು ಕೆಲಸ ಶುರು ಮಾಡಿದಾಗ ಕಂಡದ್ದನ್ನೇ ಸಹಜ ಸ್ಥಿತಿ ಎಂದುಕೊಳ್ಳುತ್ತಾರೆ. ಹೀಗೆ ಅಳತೆಯ ಆರಂಭದ ಗೆರೆಯೇ ಸ್ವಲ್ಪಸ್ವಲ್ಪವಾಗಿ ಕೆಳಗೆ ಜಾರುತ್ತದೆ. ಹಳೆಯ ದಾಖಲೆ ಹುಡುಕಲು ತಿಂಗಳು ಹಿಡಿದರೂ ಸರಿ, ಈ ಹೆಜ್ಜೆ ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಮೀನುಗಾರರನ್ನು ಮಾತಾಡಿಸುವಾಗ ಹೆಸರು ಹೇಳಿ ಕೇಳಬೇಡಿ, ಫೋಟೊ ತೋರಿಸಿ. ಒಂದೇ ಮೀನಿಗೆ ಒಂದೊಂದು ದಡದಲ್ಲಿ ಒಂದೊಂದು ಹೆಸರಿರುತ್ತದೆ. ಆ ಸರೋವರದಲ್ಲಿ ಎಂದೂ ಇರದಿದ್ದ ಒಂದೆರಡು ಮೀನಿನ ಫೋಟೊವನ್ನೂ ಸೇರಿಸಿ. ಅದನ್ನೂ "ಹೌದು, ನೋಡಿದ್ದೇನೆ" ಅಂದರೆ ಆ ಉತ್ತರಗಳನ್ನು ಎಷ್ಟು ನಂಬಬಹುದು ಎಂದು ತಿಳಿಯುತ್ತದೆ. ಕೊನೆಯ ಸಲ ಕಂಡಿದ್ದು ಯಾವಾಗ, ಎಲ್ಲಿ, ಯಾವ ಬಲೆಯಲ್ಲಿ ಎಂದು ಕೇಳಿ ಬರೆದುಕೊಳ್ಳಿ.

ಹಳೆಯ ಪಟ್ಟಿಯ ವೈಜ್ಞಾನಿಕ ಹೆಸರುಗಳು ಈಗ ಬದಲಾಗಿರಬಹುದು. ಎಶ್‌ಮೇಯರ್ ಅವರ ಮೀನುಗಳ ಕ್ಯಾಟಲಾಗ್ ಅಥವಾ ಫಿಶ್‌ಬೇಸ್ ಎಂಬ ಆನ್‌ಲೈನ್ ಮೀನು ಮಾಹಿತಿಕೋಶ ನೋಡಿ ಇಂದಿನ ಹೆಸರಿಗೆ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಒಂದೇ ಮೀನು ಒಮ್ಮೆ "ಕಳೆದುಹೋದದ್ದು", ಇನ್ನೊಮ್ಮೆ "ಹೊಸದಾಗಿ ಬಂದದ್ದು" ಎಂದು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಎಷ್ಟು ಬಲೆ, ಎಷ್ಟು ಹೊತ್ತು ಎಂಬ ವಿವರ ಇಲ್ಲದ ಹಳೆಯ ಪಟ್ಟಿಯಿಂದ "ಈ ಮೀನು ಇತ್ತು" ಎಂದಷ್ಟೇ ಹೇಳಬಹುದು. "ಇರಲಿಲ್ಲ" ಎನ್ನಲಾಗದು.

ಹೆಜ್ಜೆ 3: ಸರೋವರವನ್ನು ಭಾಗ ಮಾಡಿ

ದೊಡ್ಡ ಸರೋವರ ಒಂದೇ ಜಾಗವಲ್ಲ. ಕಲ್ಲು ದಡ, ಗಿಡ ಬೆಳೆದ ದಡ, ನದಿ ಸೇರುವ ಬಾಯಿ, ನಡುನೀರು, ಆಳದ ತಳ ಹೀಗೆ ಪ್ರತಿ ಕಡೆಗೂ ಅದರದೇ ಮೀನುಗಳು. ದೋಣಿ ನಿಲ್ಲಿಸಲು ಸುಲಭವಾದ ಕಡೆಯಲ್ಲೇ ಬಲೆ ಹಾಕುತ್ತಾ ಹೋದರೆ ಅದು ಸರೋವರದ ಸಮೀಕ್ಷೆ ಆಗುವುದಿಲ್ಲ, ದೋಣಿಕಟ್ಟೆಯ ಸಮೀಕ್ಷೆ ಆಗುತ್ತದೆ.

ಮೊದಲು ಆಳದ ನಕ್ಷೆ ಮಾಡಿ. ಆಮೇಲೆ ಆಳದ ಪ್ರಕಾರ ಪಟ್ಟಿಗಳಾಗಿ ಭಾಗ ಮಾಡಿ: 3 ಮೀಟರಿಗಿಂತ ಕಡಿಮೆ, 3ರಿಂದ 6, 6ರಿಂದ 12, 12ರಿಂದ 20, ಹೀಗೆ. ಪ್ರತಿ ಪಟ್ಟಿಯಲ್ಲೂ ಬಲೆ ಹಾಕುವ ಜಾಗವನ್ನು ಚೀಟಿ ಎತ್ತಿದಂತೆ ಆರಿಸಿ. ಕೆಲವು ಜಾಗಗಳನ್ನು ಪ್ರತಿ ವರ್ಷವೂ ಮರಳಿ ಹೋಗುವ ಖಾಯಂ ಜಾಗಗಳಾಗಿ ಇಟ್ಟುಕೊಳ್ಳಿ. ಚೀಟಿಯ ಜಾಗಗಳಿಂದ ಇಡೀ ಸರೋವರದ ಅಂದಾಜು ಸಿಗುತ್ತದೆ, ಖಾಯಂ ಜಾಗಗಳಿಂದ ಕಾಲದ ಬದಲಾವಣೆ ಚೆನ್ನಾಗಿ ಕಾಣುತ್ತದೆ.

ಪ್ರತಿ ಸಲವೂ ಮೇಲಿಂದ ತಳದವರೆಗೆ ನೀರಿನ ಉಷ್ಣತೆ ಮತ್ತು ಕರಗಿದ ಆಮ್ಲಜನಕ ಅಳೆಯಿರಿ. ಆಳವಾದ ಸರೋವರಗಳಲ್ಲಿ ಬೆಚ್ಚಗಿನ ಮೇಲ್ಪದರ ತಣ್ಣಗಿನ ಕೆಳಪದರದೊಂದಿಗೆ ಬೆರೆಯದೆ ನಿಲ್ಲುವ ತಿಂಗಳುಗಳಿರುತ್ತವೆ. ಆಗ ತಳದಲ್ಲಿ ಆಮ್ಲಜನಕ ಮುಗಿದುಹೋಗಬಹುದು. ಅಂಥ ಕಡೆ ಹಾಕಿದ ಬಲೆ ಖಾಲಿಯೇ ಬರುತ್ತದೆ. ಮೀನು ಸರೋವರ ಬಿಟ್ಟು ಹೋಗಿಲ್ಲ, ಮೇಲಿನ ಪದರಕ್ಕೆ ಬಂದಿದೆ ಅಷ್ಟೇ. ಆಮ್ಲಜನಕದ ಅಳತೆ ಕೈಯಲ್ಲಿ ಇಲ್ಲದಿದ್ದರೆ ಆ ಖಾಲಿ ಬಲೆಯನ್ನು ನೋಡಿ ತಪ್ಪು ಅರ್ಥ ಮಾಡಿಕೊಳ್ಳುತ್ತೀರಿ.

ಹೆಜ್ಜೆ 4: ಬಲೆಯನ್ನು ಆರಿಸಿ, ಮತ್ತೆ ಬದಲಿಸಬೇಡಿ

ಎಲ್ಲ ಮೀನನ್ನೂ ಹಿಡಿಯುವ ಬಲೆ ಇಲ್ಲ. ಪ್ರತಿಯೊಂದೂ ಕೆಲವನ್ನು ಹಿಡಿದು ಕೆಲವನ್ನು ಬಿಡುತ್ತದೆ. ಆ ಪಕ್ಷಪಾತ ಪ್ರತಿ ವರ್ಷವೂ ಒಂದೇ ರೀತಿ ಇದ್ದರೆ ಹೋಲಿಕೆ ಸಾಧ್ಯ.

ಸರೋವರಗಳಲ್ಲಿ ಹೆಚ್ಚಾಗಿ ಬಳಸುವುದು ಗಿಲ್‌ನೆಟ್, ಅಂದರೆ ಮೀನಿನ ಕಿವಿರು ಸಿಕ್ಕಿಕೊಳ್ಳುವ ನಿಲ್ಲಿಸಿದ ಬಲೆ. ಒಂದೇ ಅಳತೆಯ ಕಣ್ಣಿನ ಬಲೆ ಒಂದೇ ಗಾತ್ರದ ಮೀನು ಹಿಡಿಯುತ್ತದೆ. ಅದಕ್ಕೇ ಯುರೋಪಿನ ಮಾನದಂಡದಲ್ಲಿ ಹಲವು ಕಣ್ಣಳತೆಯ ಬಲೆ ಇದೆ. ಅದು 30 ಮೀಟರ್ ಉದ್ದ, 1.5 ಮೀಟರ್ ಎತ್ತರ. ಅದರಲ್ಲಿ 2.5 ಮೀಟರಿನ 12 ತುಂಡುಗಳು. ಗಂಟಿನಿಂದ ಗಂಟಿಗೆ ಅಳೆದರೆ ಕಣ್ಣಿನ ಅಳತೆ 5 ಮಿಲಿಮೀಟರಿನಿಂದ 55 ಮಿಲಿಮೀಟರಿನವರೆಗೆ. ಒಂದಕ್ಕಿಂತ ಮುಂದಿನದು ಸುಮಾರು ಒಂದೂಕಾಲು ಪಟ್ಟು ದೊಡ್ಡದು. ಸಂಜೆ ಹಾಕಿ ಬೆಳಿಗ್ಗೆ ಎತ್ತುತ್ತಾರೆ, ಹೆಚ್ಚುಕಮ್ಮಿ 12 ಗಂಟೆ. ಮುಸ್ಸಂಜೆ ಮತ್ತು ನಸುಕು, ಮೀನು ಹೆಚ್ಚು ಓಡಾಡುವ ಈ ಎರಡು ಹೊತ್ತೂ ಅದರೊಳಗೆ ಬರಬೇಕು. ನೀವು ಇದೇ ಬಲೆ ಬಳಸಬೇಕೆಂದಿಲ್ಲ. ಆದರೆ ಇಷ್ಟೇ ಖಚಿತವಾಗಿ ನಿಮ್ಮ ಬಲೆಯನ್ನೂ ಬರೆದಿಡಬೇಕು. ನೂಲಿನ ದಪ್ಪ ಮತ್ತು ಬಣ್ಣ ಕೂಡ ಬರೆಯಿರಿ, ಅವೂ ಹಿಡಿತವನ್ನು ಬದಲಿಸುತ್ತವೆ.

ಗಿಲ್‌ನೆಟ್‌ಗೆ ಸಿಕ್ಕಲು ಮೀನು ಈಜಿ ಬಂದು ಬಲೆಗೆ ತಾಗಬೇಕು. ಹೊಂಚುಹಾಕಿ ಕೂರುವ ಬೇಟೆಗಾರ ಮೀನು, ತಳಕ್ಕಂಟಿ ಬದುಕುವ ಪುಟ್ಟ ಮೀನು, ಹಾವಿನಂಥ ಮೈಯ ಹಾವುಮೀನು ಇದರಲ್ಲಿ ಕಡಿಮೆ ಸಿಗುತ್ತವೆ. ಅವಕ್ಕೆ ಬೇರೆ ಉಪಾಯ ಬೇಕು. ಮರಳು ದಡದಲ್ಲಿ ಎಳೆಬಲೆ, ಗಿಡಗಳ ನಡುವೆ ಬೋನು, ಒಂದೆರಡು ಮೀಟರ್ ಆಳದ ದಡದ ನೀರಿನಲ್ಲಿ ತರಬೇತಿ ಪಡೆದವರು ಮಾತ್ರ ಬಳಸುವ ವಿದ್ಯುತ್ ಮೀನುಗಾರಿಕೆ, ಅಂದರೆ ನೀರಿಗೆ ವಿದ್ಯುತ್ ಹರಿಸಿ ಮೀನನ್ನು ಮಂಕಾಗಿಸಿ ಹಿಡಿಯುವುದು. ನಡುನೀರಿನ ಹಿಂಡುಗಳ ಅಂದಾಜಿಗೆ ಶಬ್ದತರಂಗದ ಉಪಕರಣ ಒಳ್ಳೆಯದು. ಅದು ಎಷ್ಟು ಮೀನು, ಯಾವ ಗಾತ್ರ ಎಂದು ಹೇಳುತ್ತದೆ, ಯಾವ ಪ್ರಭೇದ ಎಂದು ಹೇಳುವುದಿಲ್ಲ. ಇವುಗಳ ಲೆಕ್ಕಗಳನ್ನು ಒಟ್ಟಿಗೆ ಸೇರಿಸಬೇಡಿ. ಎಳೆಬಲೆಯ ಲೆಕ್ಕ ಎಳೆಬಲೆಯ ಜೊತೆಗೇ ಹೋಲಿಕೆಯಾಗಲಿ.

ಹಳೆಯ ಬಲೆ ಸಿಗುವುದೇ ಇಲ್ಲ, ಹೊಸದಕ್ಕೆ ಹೋಗಲೇಬೇಕು ಎನ್ನುವ ದಿನವೂ ಬರುತ್ತದೆ. ಆಗ ಕೆಲವು ಋತುಗಳ ಕಾಲ ಎರಡನ್ನೂ ಅಕ್ಕಪಕ್ಕ ಹಾಕಿ. ಎರಡರ ನಡುವಿನ ಅನುಪಾತ ತಿಳಿಯದೆ ಹಳೆಯದನ್ನು ಬಿಟ್ಟರೆ, ಅಷ್ಟು ವರ್ಷಗಳ ಸರಣಿ ಅಲ್ಲಿಗೇ ಕಡಿದುಹೋಗುತ್ತದೆ.

ಹೆಜ್ಜೆ 5: ನೀರಿನಲ್ಲಿರುವ ಡಿಎನ್‌ಎ

ಮೀನುಗಳು ಲೋಳೆ, ಮಲ, ಹುರುಪೆಗಳ ಮೂಲಕ ತಮ್ಮ ಡಿಎನ್‌ಎಯನ್ನು ನೀರಿಗೆ ಬಿಡುತ್ತಲೇ ಇರುತ್ತವೆ. ಒಂದೆರಡು ಲೀಟರ್ ನೀರು ಸೋಸಿ, ಸೋಸುಹಾಳೆಯಲ್ಲಿ ಉಳಿದ ಡಿಎನ್‌ಎಯನ್ನು ಲ್ಯಾಬಿನಲ್ಲಿ ಓದಿದರೆ ಯಾವ ಪ್ರಭೇದಗಳಿವೆ ಎಂದು ತಿಳಿಯಬಹುದು. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲ್ಲಿ ದಾಖಲಾಗಿದ್ದ 16 ಪ್ರಭೇದಗಳಲ್ಲಿ 14 ಈ ವಿಧಾನಕ್ಕೆ ಸಿಕ್ಕವು. ಆಗಿನ ಇತ್ತೀಚಿನ ಗಿಲ್‌ನೆಟ್ ಸಮೀಕ್ಷೆಗೆ ಸಿಕ್ಕಿದ್ದು ನಾಲ್ಕೇ. ಮೀನನ್ನು ಕೊಲ್ಲದೆ ಇಷ್ಟು ತಿಳಿಯುತ್ತದೆ ಎನ್ನುವುದು ನಿಜಕ್ಕೂ ದೊಡ್ಡ ವಿಷಯ.

ಆದರೆ ಈ ವಿಧಾನ ಬಲೆಯ ಬದಲಿಗೆ ಅಲ್ಲ, ಬಲೆಯ ಜೊತೆಗೆ. ಡಿಎನ್‌ಎ ಮೀನಿನ ವಯಸ್ಸು, ಗಾತ್ರ, ಆರೋಗ್ಯ ಹೇಳದು. ಸತ್ತ ಮೀನಿನದೂ ಇರಬಹುದು, ನದಿಯಿಂದ ಹರಿದು ಬಂದದ್ದೂ ಇರಬಹುದು, ಅಡುಗೆಮನೆಯ ಕೊಳಚೆಯಿಂದ ಬಂದ ಸಮುದ್ರ ಮೀನಿನದೂ ಇರಬಹುದು. ನಿಮ್ಮ ಸರೋವರದ ಪ್ರಭೇದಗಳ ಡಿಎನ್‌ಎ ಮೊದಲೇ ಡೇಟಾಬೇಸಿನಲ್ಲಿ ಇಲ್ಲದಿದ್ದರೆ ಹೊಂದಾಣಿಕೆಯೇ ಆಗುವುದಿಲ್ಲ. ಪದರಗಳು ಬೆರೆಯದ ತಿಂಗಳಲ್ಲಿ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆಯಿಂದ ನೀರು ತೆಗೆಯಿರಿ. ಪ್ರತಿ ದಿನ ಒಂದು ಬಾಟಲಿ ಶುದ್ಧ ನೀರನ್ನೂ ದೋಣಿಯಲ್ಲಿ ಒಯ್ದು ಅದೇ ರೀತಿ ಸೋಸಿ. ಅದರಲ್ಲಿ ಮೀನಿನ ಡಿಎನ್‌ಎ ಬಂದರೆ ಕೈ, ಬಾಟಲಿ ಅಥವಾ ಲ್ಯಾಬಿನಿಂದ ಕಲಬೆರಕೆ ಆಗಿದೆ ಎಂದರ್ಥ. ಬಲೆ ಮುಟ್ಟುವ ಮೊದಲೇ ನೀರು ತೆಗೆದುಬಿಡಿ.

ಹೆಜ್ಜೆ 6: ದೋಣಿಯ ಮೇಲೆ

ಅನುಮತಿ ಪತ್ರ ಮೊದಲು ಕೈಗೆ ಬರಲಿ. ಗಿಲ್‌ನೆಟ್ ಮೀನು ಕೊಲ್ಲುತ್ತದೆ. ನೀರುನಾಯಿ, ಆಮೆ, ಮುಳುಗುವ ಹಕ್ಕಿಗಳೂ ಸಿಕ್ಕಿ ಸಾಯಬಹುದು. ಅಳಿವಿನಂಚಿನ ಪ್ರಭೇದ ಇರುವ ಕಡೆ ಬಲೆಯ ಹೊತ್ತು ಕಡಿಮೆ ಮಾಡಿ, ಅಥವಾ ಬೋನು ಮತ್ತು ಡಿಎನ್‌ಎಯಷ್ಟಕ್ಕೇ ನಿಲ್ಲಿಸಿ. ಉಳಿಸಬೇಕೆಂದು ಹೊರಟವರೇ ಕೊನೆಯ ಕೆಲವು ಮೀನುಗಳನ್ನು ತೆಗೆದುಬಿಡಬಾರದು, ಅಲ್ವಾ?

ಪ್ರತಿ ಬಲೆಗೂ ಒಂದು ಹಾಳೆ. ಬಲೆಯ ಸಂಖ್ಯೆ, ಜಿಪಿಎಸ್ ಜಾಗ, ಆಳ, ಹಾಕಿದ ಹೊತ್ತು, ಎತ್ತಿದ ಹೊತ್ತು, ನೀರಿನ ಉಷ್ಣತೆ, ಗಾಳಿ, ಬೆಳದಿಂಗಳು ಇತ್ತೇ, ಬಲೆ ಹರಿದಿತ್ತೇ. ಒಂದೂ ಮೀನು ಸಿಗದ ಬಲೆಗೂ ಹಾಳೆ ಇರಲೇಬೇಕು. ಸೊನ್ನೆಯನ್ನು ಬರೆಯದೆ ಬಿಟ್ಟರೆ ಸರಾಸರಿ ಸುಮ್ನೆ ಮೇಲೇರುತ್ತದೆ. ಬಲೆಯ ತುಂಡು ತುಂಡಿಗೂ ಬೇರೆಯಾಗಿ ಮೀನು ಬಿಡಿಸಿ, ಪ್ರಭೇದ, ಉದ್ದ, ತೂಕ ಬರೆಯಿರಿ. ಒಂದೇ ಪ್ರಭೇದ ರಾಶಿ ಸಿಕ್ಕರೆ ಎಲ್ಲವನ್ನೂ ಎಣಿಸಿ, ಉದ್ದ ಮಾತ್ರ ಒಂದು ಭಾಗಕ್ಕೆ ಅಳೆದರೆ ಸಾಕು.

ದಿನ ಮುಗಿದ ಮೇಲೆ ಬಲೆ, ದೋಣಿ, ಬೂಟುಗಳನ್ನು ತೊಳೆದು ಪೂರ್ತಿ ಒಣಗಿಸಿ. ಒದ್ದೆ ಬಲೆಯ ಜೊತೆ ಮೊಟ್ಟೆ, ಕಳೆಗಿಡ, ರೋಗ ಇನ್ನೊಂದು ಸರೋವರಕ್ಕೆ ಹೋಗುತ್ತವೆ.

ಹೆಜ್ಜೆ 7: ಗುರುತಿಸುವುದು

ಫಲಿತಾಂಶ ಹೆಚ್ಚಾಗಿ ಕೆಡುವುದು ಇಲ್ಲೇ ಎಂದು ನನ್ನ ಅನಿಸಿಕೆ. ಪ್ರತಿ ಪ್ರಭೇದದ ಕೆಲವು ಮೀನುಗಳನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ. ಮೊದಲು ಎಡಭಾಗದ ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ. ಬಣ್ಣ ಬೇಗ ಮಾಸುತ್ತದೆ, ತಡ ಮಾಡಬೇಡಿ. ಆಮೇಲೆ ರೆಕ್ಕೆಯ ಚೂರನ್ನು ಡಿಎನ್‌ಎಗಾಗಿ 95 ಶೇಕಡ ಎಥನಾಲ್‌ನಲ್ಲಿ ಹಾಕಿ. ಕೊನೆಗೆ ಇಡೀ ಮೀನನ್ನು 10 ಶೇಕಡ ಫಾರ್ಮಲಿನ್‌ನಲ್ಲಿ ಇಟ್ಟು, ನಂತರ 70 ಶೇಕಡ ಎಥನಾಲ್‌ಗೆ ವರ್ಗಾಯಿಸಿ. ಈ ಕ್ರಮ ತಪ್ಪಬಾರದು, ಫಾರ್ಮಲಿನ್ ಮುಟ್ಟಿದರೆ ಡಿಎನ್‌ಎ ಹಾಳಾಗುತ್ತದೆ. ಫಾರ್ಮಲಿನ್ ವಿಷ, ಕೈಗವಸು ಮತ್ತು ಗಾಳಿಯಾಡುವ ಜಾಗ ಬೇಕು. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ, ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗುತ್ತದೆ.

ಪ್ರಭೇದ ಖಚಿತವಾಗದಿದ್ದರೆ ಊಹಿಸಿ ಹೆಸರು ಬರೆಯಬೇಡಿ. ಕುಲದ ಹೆಸರು ಬರೆದು "ಪ್ರಭೇದ 1" ಎನ್ನಿ. ಸಾಕ್ಷಿ ಮೀನು ಮ್ಯೂಸಿಯಂನಲ್ಲಿ ಇದ್ದರೆ ಮುಂದೆ ಯಾರಾದರೂ ಸರಿಯಾದ ಹೆಸರು ಕೊಡಬಹುದು. ಪ್ರತಿ ವರ್ಷ ಗುರುತಿಸುವವರು ಬದಲಾದರೆ, ಹೊಸಬರು ಹಿಂದಿನ ವರ್ಷದ ಸಾಕ್ಷಿ ಮೀನುಗಳನ್ನು ನೋಡಿಯೇ ಶುರು ಮಾಡಲಿ.

ಹೆಜ್ಜೆ 8: ಲೆಕ್ಕ

ಮೊದಲು ಶ್ರಮವನ್ನು ಸಮ ಮಾಡಿ. ಹೆಚ್ಚು ಮೀನು ಹಿಡಿದಷ್ಟೂ ಹೆಚ್ಚು ಪ್ರಭೇದ ಸಿಗುತ್ತವೆ. 2,000 ಮೀನು ಹಿಡಿದ ವರ್ಷವನ್ನು 500 ಹಿಡಿದ ವರ್ಷದ ಜೊತೆ ನೇರ ಹೋಲಿಸುವುದು ನ್ಯಾಯವಲ್ಲ. ದೊಡ್ಡ ರಾಶಿಯಿಂದ 500 ಮೀನನ್ನು ಯಾದೃಚ್ಛಿಕವಾಗಿ ತೆಗೆದರೆ ಸರಾಸರಿ ಎಷ್ಟು ಪ್ರಭೇದ ಬರುತ್ತಿದ್ದವು ಎಂದು ಲೆಕ್ಕ ಹಾಕುವುದಕ್ಕೆ ರೇರಿಫ್ಯಾಕ್ಷನ್ ಎನ್ನುತ್ತಾರೆ. ಆರ್ ಎಂಬ ಸಂಖ್ಯಾಶಾಸ್ತ್ರದ ಕಂಪ್ಯೂಟರ್ ಭಾಷೆಯ ವೀಗನ್ ಮತ್ತು ಐನೆಕ್ಸ್ಟ್ ಪ್ಯಾಕೇಜುಗಳು ಇದನ್ನು ಮಾಡುತ್ತವೆ, ಎರಡೂ ಉಚಿತ.

ಕಾಣದೆ ಉಳಿದ ಪ್ರಭೇದಗಳನ್ನು ಅಂದಾಜಿಸಲು ಸಂಖ್ಯಾಶಾಸ್ತ್ರಜ್ಞೆ ಆನ್ ಚಾವೊ 1984ರಲ್ಲಿ ಕೊಟ್ಟ ಸರಳ ಸೂತ್ರವಿದೆ. ಒಂದೇ ಒಂದು ಮೀನು ಸಿಕ್ಕ ಪ್ರಭೇದಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. ಎರಡೇ ಮೀನು ಸಿಕ್ಕ ಪ್ರಭೇದಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ. ಬಂದದ್ದನ್ನು ಕಂಡ ಪ್ರಭೇದಗಳಿಗೆ ಕೂಡಿಸಿ. ಕಂಡದ್ದು 18, ಒಂಟಿಯಾಗಿ ಸಿಕ್ಕವು 6, ಜೋಡಿಯಾಗಿ ಸಿಕ್ಕವು 3 ಎಂದರೆ 36 ಭಾಗಿಸು 6, ಅಂದರೆ 6. ಸರೋವರದಲ್ಲಿ ಕನಿಷ್ಠ 24 ಪ್ರಭೇದಗಳು ಇರಬಹುದು.

ಇನ್ನು ಸಮತೋಲನ. 100 ಮೀನಿನಲ್ಲಿ ಐದು ಪ್ರಭೇದ ತಲಾ 20 ಇದ್ದವು ಎನ್ನಿ. ಹತ್ತು ವರ್ಷದ ನಂತರ ಒಂದೇ ಪ್ರಭೇದ 80, ಉಳಿದ ನಾಲ್ಕು ತಲಾ 5. ಪ್ರಭೇದಗಳ ಸಂಖ್ಯೆ ಆಗಲೂ 5, ಈಗಲೂ 5. ಪ್ರಭೇದಗಳ ಸಂಖ್ಯೆ ಮತ್ತು ಹಂಚಿಕೆ ಎರಡನ್ನೂ ಸೇರಿಸಿ ಅಳೆಯುವ ಶ್ಯಾನನ್ ಸೂಚ್ಯಂಕ ಮಾತ್ರ 1.61ರಿಂದ 0.78ಕ್ಕೆ ಇಳಿದಿರುತ್ತದೆ. ಈ ಅಂಕಿ ಓದಿದವರಿಗೆ ಏನೂ ಅನ್ನಿಸುವುದಿಲ್ಲ. ಹಾಗಾಗಿ ಅದನ್ನು ಹಿಲ್ ಸಂಖ್ಯೆಗೆ ಬದಲಿಸಿ, ಅಂದರೆ ಸಮವಾಗಿ ಹಂಚಿಕೊಂಡ ಎಷ್ಟು ಪ್ರಭೇದಗಳಿಗೆ ಇದು ಸಮ ಎಂದು ಹೇಳಿ. 5ರಿಂದ 2.2ಕ್ಕೆ ಇಳಿಯಿತು ಎಂದರೆ ಯಾರಿಗಾದರೂ ಅರ್ಥವಾಗುತ್ತದೆ. ಹೆಚ್ಚು ಇರುವ ಪ್ರಭೇದಕ್ಕೆ ಇನ್ನೂ ತೂಕ ಕೊಡುವ ಸಿಂಪ್ಸನ್ ಲೆಕ್ಕದಲ್ಲಿ ಅದು 1.5ಕ್ಕೆ ಬರುತ್ತದೆ. ನಾನಾದರೆ ಮೂರನ್ನೂ ಒಟ್ಟಿಗೇ ವರದಿ ಮಾಡುತ್ತೇನೆ.

ಹೆಜ್ಜೆ 9: ಹೆಸರುಗಳನ್ನು ಹೋಲಿಸಿ

ಸಂಖ್ಯೆ ಹಾಗೇ ಇದ್ದು ಹೆಸರುಗಳೇ ಬದಲಾಗಿರಬಹುದು. ಮೊದಲು 20 ಪ್ರಭೇದ, ಈಗಲೂ 20. ಎರಡರಲ್ಲೂ ಇರುವುದು 14 ಮಾತ್ರ. ಆರು ಹೋಗಿವೆ, ಆರು ಬಂದಿವೆ. ಸೊರೆನ್ಸನ್ ಹೋಲಿಕೆ ಸೂಚ್ಯಂಕಕ್ಕೆ, ಎರಡರಲ್ಲೂ ಇರುವವುಗಳ ಸಂಖ್ಯೆಯ ಎರಡರಷ್ಟನ್ನು ಎರಡೂ ಪಟ್ಟಿಗಳ ಮೊತ್ತದಿಂದ ಭಾಗಿಸಿ: 28 ಭಾಗಿಸು 40, ಅಂದರೆ 0.70. ಹೋದ ಆರು ಆ ಸರೋವರದಲ್ಲಿ ಮಾತ್ರ ಇದ್ದವು, ಬಂದ ಆರು ಎಲ್ಲ ಕಡೆ ಸಿಗುವ ಸಾಕಣೆ ಮೀನುಗಳು ಎಂದಾದರೆ ಅದು ದೊಡ್ಡ ನಷ್ಟ. ಸಂಖ್ಯೆಯ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. 2014ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ 100 ದೀರ್ಘಕಾಲದ ಜೀವಿ ಸರಣಿಗಳನ್ನು ಒಟ್ಟಿಗೆ ನೋಡಿದ ಅಧ್ಯಯನಕ್ಕೂ ಕಂಡದ್ದು ಇದೇ: ಸ್ಥಳೀಯ ಪ್ರಭೇದಗಳ ಸಂಖ್ಯೆ ಎಲ್ಲೆಡೆ ಒಂದೇ ತೆರನಾಗಿ ಇಳಿದಿರಲಿಲ್ಲ, ಆದರೆ ಯಾವ ಪ್ರಭೇದಗಳಿವೆ ಎಂಬುದು ಬಹಳ ಬದಲಾಗಿತ್ತು. ಆದ್ದರಿಂದ ಸ್ಥಳೀಯ ಮತ್ತು ಹೊರಗಿನಿಂದ ಬಂದ ಪ್ರಭೇದಗಳನ್ನು ಯಾವಾಗಲೂ ಬೇರೆ ಬೇರೆಯಾಗಿ ತೋರಿಸಿ.

"ಹೋಗಿದೆ" ಎಂಬ ಪದ ಬಳಸುವ ಮೊದಲು ಇನ್ನೊಂದು ಲೆಕ್ಕ. ಒಂದು ಮೀನು ಇದ್ದರೂ ಒಂದು ಭೇಟಿಯಲ್ಲಿ ಸಿಗುವ ಸಾಧ್ಯತೆ 30 ಶೇಕಡ ಎನ್ನಿ. ಐದು ಭೇಟಿಯಲ್ಲೂ ಸಿಗದೇ ಇರುವ ಸಾಧ್ಯತೆ 0.7ನ್ನು ಐದು ಸಲ ಗುಣಿಸಿದಷ್ಟು, ಸುಮಾರು 17 ಶೇಕಡ. ಅದು ಸಣ್ಣದಲ್ಲ. 5 ಶೇಕಡಕ್ಕಿಂತ ಕೆಳಗೆ ತರಲು ಒಂಬತ್ತು ಭೇಟಿ ಬೇಕು. ಅದಕ್ಕೇ ಒಂದೇ ಜಾಗಕ್ಕೆ ಒಂದೇ ಋತುವಿನಲ್ಲಿ ಪದೇ ಪದೇ ಹೋಗುವುದು ಮುಖ್ಯ. ಫಿಲಿಪ್ಪೀನ್ಸಿನ ಲನಾವೊ ಸರೋವರದಲ್ಲಿ ಮಾತ್ರ ಇದ್ದ 15 ಪ್ರಭೇದಗಳು ಅಳಿದಿವೆ ಎಂದು, ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2020ರಲ್ಲಿ ಹೇಳಿತು. ಅಂಥ ಮಾತು ಹೇಳಲು, ಆ ಮೀನು ಇರಬಹುದಾದ ಎಲ್ಲ ಕಡೆ, ಸರಿಯಾದ ಕಾಲದಲ್ಲಿ ಹುಡುಕಿರಬೇಕು ಎಂಬ ನಿಯಮ ಅದರ ಕೆಂಪು ಪಟ್ಟಿಯಲ್ಲಿದೆ.

ಹೆಜ್ಜೆ 10: ಕಾರಣ ಮತ್ತು ದಾಖಲೆ

ಬದಲಾವಣೆ ಕಂಡ ಕೂಡಲೇ ಕಾರಣಕ್ಕೆ ಹಾರಬೇಡಿ. ಹತ್ತಿರದಲ್ಲಿ ಅದೇ ಬಗೆಯ, ಆದರೆ ನೀವು ಕಾರಣವೆಂದು ಶಂಕಿಸುವ ಒತ್ತಡ ಇಲ್ಲದ ಇನ್ನೊಂದು ಸರೋವರವಿದ್ದರೆ ಅಲ್ಲೂ ಅದೇ ವಿಧಾನದಲ್ಲಿ ಅಳೆಯಿರಿ. ಎರಡೂ ಕಡೆ ಒಟ್ಟಿಗೆ ಇಳಿದಿದ್ದರೆ ಕಾರಣ ಹವೆಯಂಥ ದೊಡ್ಡದು ಇರಬಹುದು. ಒಂದರಲ್ಲಿ ಮಾತ್ರ ಇಳಿದಿದ್ದರೆ ಅಲ್ಲಿನ ಕೊಳಚೆ, ಅಣೆಕಟ್ಟು, ಹೊಸ ಮೀನು, ಅತಿ ಮೀನುಗಾರಿಕೆ ಇವುಗಳ ಕಡೆ ನೋಡಬಹುದು. ಪ್ರತಿ ಅಂಕಿಯ ಜೊತೆ ಅದು ಎಷ್ಟು ಹೆಚ್ಚುಕಮ್ಮಿ ಆಗಬಹುದು ಎಂಬ ವ್ಯಾಪ್ತಿಯನ್ನೂ ಕೊಡಿ.

ಬರಿ ಸೂಚ್ಯಂಕಗಳನ್ನಲ್ಲ, ಬಲೆವಾರು ಮೂಲ ಲೆಕ್ಕವನ್ನೇ ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಅಳಿವಿನಂಚಿನ ಮೀನಿನ ನಿಖರ ಜಾಗವನ್ನು ಮಾತ್ರ ಮರೆಮಾಡಿ. ಹಾಳೆಗಳ ಸ್ಕ್ಯಾನ್, ಬಲೆಯ ವಿವರ, ಖಾಯಂ ಜಾಗಗಳ ಫೋಟೊ ಎರಡು ಬೇರೆ ಕಡೆ ಇರಲಿ. ಸೋಸುಹಾಳೆಗಳ ಒಂದು ಜೊತೆಯನ್ನು ಡೀಪ್ ಫ್ರೀಜರ್‌ನಲ್ಲಿ ಉಳಿಸಿ. ಇಂದು ಡೇಟಾಬೇಸಿನಲ್ಲಿ ಇಲ್ಲದ ಪ್ರಭೇದದ ಡಿಎನ್‌ಎ ಮುಂದೆ ಸೇರಿದಾಗ, ಈ ವರ್ಷದ ನೀರಿನಲ್ಲಿ ಆ ಮೀನು ಇತ್ತೇ ಎಂದು ಆಗಲೂ ನೋಡಬಹುದು.